ಗೆರೆಯಳಿದ ಬೆರಳು

ರಾಮನಗರ
ನವೆಂಬರ್ 3, 2017

ಗೆಳೆಯ ಪುಟ್ಟಸ್ವಾಮಿಗೆ,

ಮೊನ್ನೆ ನವೆಂಬರ್ ಒಂದರ ಬೆಳಿಗ್ಗೆ, ರಾಜ್ಯೋತ್ಸವದ ಬಾವುಟ ಏರಿದ ಮೇಲೆ, ನಮ್ಮ ಬಸ್ ನಿಲ್ದಾಣದ ಪಕ್ಕದ ಹೊಸ ಗೋಡೆಯ ಪರದೆ ಸರಿಸಿ, ನಮ್ಮ ಮೇಷ್ಟ್ರ ಪದ್ಯವನ್ನು ಅರ್ಧಕ್ಕೆ ಕತ್ತರಿಸಿ ಊರಿಗೆ ತೋರಿಸಿದಿರಿ. ಕವಿಗೋಡೆ ಸಮಿತಿಗೆ ನೀನೇ ಅಧ್ಯಕ್ಷ. ಯಾವ ಸಾಲು ಇರಬೇಕು, ಯಾವುದು ಬೇಡ ಎಂದು ಹೇಳಿದವನೂ ನೀನೇ ಎಂದು ವೇದಿಕೆಯಲ್ಲೇ ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನೀನು ಹೊದ್ದಿದ್ದ ರೇಷ್ಮೆ ಶಾಲು ಹೊಳೆಯುತ್ತಿತ್ತು. ಮಾತಾಡಿಸದೆ ಮನೆಗೆ ಬಂದುಬಿಟ್ಟೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕಾಗಿದೆ, ನೀನು ಮರೆತವನ ಹಾಗೆ ನಡೆದುಕೊಂಡಿರುವುದರಿಂದ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ನಂಜುಂಡಯ್ಯ ಮೇಷ್ಟ್ರು ಬರೆದ ‘ನಸುಕಿನೂರು’ ಎರಡು ಚರಣದ ಪದ್ಯ. ಗೋಡೆಯ ಮೇಲಿರುವುದು ಮೊದಲನೆಯದರ ಸಾಲುಗಳು ಮಾತ್ರ:

ನಸುಕಿನೂರಿನ ಮೇಲೆ ಮಂಜು ಸೆರಗನು ಹೊದಿಸಿ
ಬೆಟ್ಟ ಮಲಗಿದೆಯಿನ್ನು, ಹಕ್ಕಿಗೆಚ್ಚರವಿಲ್ಲ

ಪಕ್ಕದಲ್ಲಿ ಬೆಟ್ಟದ ಚಿತ್ರ, ರಣಹದ್ದಿನ ಚಿತ್ರ. ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಎರಡನೆಯ ಚರಣ ಎಲ್ಲಿ ಹೋಯಿತು?

ಮಂಜೆಂದು ನಾ ಮಣಿದೆ, ಮಂಜಲ್ಲವದು, ಗೆಳೆಯ,
ಬೆಂದ ನೀರಿನ ಉಸಿರು. ಅದರೊಳದ್ದಿದ ಬೆರಳು
ಗೆರೆಯಳಿದು ನುಣ್ಣಗಿದೆ; ಯಾರ ಹಣೆಬರಹವನು
ಯಾರುಟ್ಟು ನಡೆದಿಹರು ಈ ಬೀದಿಯೊಳಗೆ?

ಇದನ್ನು ಮೇಷ್ಟ್ರು ಕುರ್ಚಿಯಲ್ಲಿ ಕೂತು ಕಟ್ಟಲಿಲ್ಲ. 1963ರ ಚಳಿಗಾಲದಲ್ಲಿ, ಸೂರ್ಯೋದಯ ತೋರಿಸುತ್ತೇನೆಂದು ನಮ್ಮಿಬ್ಬರನ್ನು ಮೊದಲ ರೈಲಿಗೆ ಹತ್ತಿಸಿ ಇಲ್ಲಿಗೆ ಕರೆತಂದಿದ್ದರು. ಬೆಟ್ಟದ ದಾರಿಯಲ್ಲಿ ಬೀದಿಯೆಲ್ಲ ಬೆಳ್ಳಗೆ ಮಂಜು ಕವಿದಿತ್ತು. ಮೇಷ್ಟ್ರು ಕೈ ಮುಗಿದರು. ಎರಡು ಹೆಜ್ಜೆ ಮುಂದೆ ಹೋದರೆ ಸತ್ತ ಹುಳದ ವಾಸನೆ. ಮಂಜಲ್ಲ, ರೇಷ್ಮೆಗೂಡು ಬೇಯಿಸುವ ಬಾಂಡಲೆಗಳ ಹಬೆ. ನೀನು ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ. ಒಳಗೆ ಚರಕದ ಮುಂದೆ ಒಬ್ಬ ಹೆಂಗಸು ಕುದಿನೀರಿಗೆ ಬರಿಗೈ ಹಾಕಿ ಗೂಡಿನ ಎಳೆ ಹುಡುಕುತ್ತಿದ್ದಳು. ಮೇಷ್ಟ್ರ ಪಂಚೆ, ಹಣೆಯ ವಿಭೂತಿ ನೋಡಿ ಯಾರೋ ಶಾಸ್ತ್ರ ಹೇಳುವವರು ಬಂದರೆಂದು ತಿಳಿದು ಅಂಗೈ ಚಾಚಿದಳು. ಮೇಷ್ಟ್ರು ಹಿಡಿದು ನೋಡಿ, “ಗೆರೆನೇ ಇಲ್ವಲ್ಲ ತಾಯಿ” ಅಂದರು. “ಹಂಗಾದ್ರೆ ಏನೂ ಹೇಳಕ್ಕಾಗಲ್ವಾ?” ಅಂತ ಅವಳು ಕೈ ಹಿಂದಕ್ಕೆಳೆದುಕೊಂಡಳು.

ಆ ಮಾತಿನಿಂದ ಹುಟ್ಟಿದ್ದು ಎರಡನೆಯ ಚರಣ. ಅದನ್ನು ತಪ್ಪದೆ ಗೋಡೆಗೆ ಹಾಕಿಸು. ಇನ್ನೇನೂ ಕೇಳುವುದಿಲ್ಲ.

ಇಂತಿ ನಿನ್ನ,
ಹನುಮ


ಕನಕಪುರ
ನವೆಂಬರ್ 20, 2017

ಆತ್ಮೀಯ ಹನುಮ,

ನಿನ್ನ ಕಾಗದ ನೋಡಿ ಬಹಳ ಸಂತೋಷವಾಯಿತು. ಈ ಕಾಲದಲ್ಲಿ ಇನ್‌ಲ್ಯಾಂಡ್ ಲೆಟರು ಬರೆಯುವವನು ನೀನೊಬ್ಬನೇ. ಪೋಸ್ಟ್‌ಮಾಸ್ಟರ್ ಕೆಲಸದಿಂದ ನಿವೃತ್ತನಾದರೂ ಇಲಾಖೆಯ ಮೇಲಿನ ನಿಷ್ಠೆ ಬಿಟ್ಟಿಲ್ಲ.

ಸಿಟ್ಟು ಮಾಡಿಕೊಳ್ಳಬೇಡ. ಗೋಡೆಯಲ್ಲಿ ಜಾಗ ಕಡಿಮೆ. ಅದು ಊರಿಗೆ ಬರುವವರನ್ನು ಸ್ವಾಗತಿಸುವ ಗೋಡೆ. ಇಳಿದ ತಕ್ಷಣ ಬೆಂದ ನೀರು, ಬೆಂದ ಬೆರಳು ಎಂದರೆ ಏನು ಚಂದ? ಸಮಿತಿಯಲ್ಲಿ ರೇಷ್ಮೆ ವ್ಯಾಪಾರದವರೂ ಇದ್ದರು, ಅವರ ಮನಸ್ಸೂ ನೋಡಬೇಕು.

ಅದಲ್ಲದೆ ಕಾವ್ಯದ ದೃಷ್ಟಿಯಿಂದಲೂ ಎರಡನೆಯ ಚರಣ ದುರ್ಬಲ ಎಂದೇ ನನ್ನ ಅಭಿಪ್ರಾಯ. ಮೇಷ್ಟ್ರು ರಮ್ಯಕವಿ. ರಮ್ಯಕವಿಗೆ ಹಳ್ಳಿಯೆಂದರೆ ತಾಯಿಮಡಿಲು, ಪಟ್ಟಣವೆಂದರೆ ನರಕ. ಬೀದಿಗೆ ಕಾಲಿಟ್ಟರೆ ಅವನಿಗೆ ಎಲ್ಲ ಮುಖದಲ್ಲೂ ನೋವೇ ಕಾಣುತ್ತದೆ. ಆ ನೋವು ಹೊರಗಿರುವುದಕ್ಕಿಂತ ಹೆಚ್ಚಾಗಿ ಅವನ ಒಳಗಿನದು. ಮನುಷ್ಯನ ಕೈಯ ಗೆರೆ ಎಲ್ಲಿಯಾದರೂ ಅಳಿಯುತ್ತದೆಯೇ? ಅದು ಅತಿಶಯೋಕ್ತಿ. ಪದವಿ ತರಗತಿಯ ಪದ್ಯಪುಸ್ತಕಕ್ಕೆ ನಾನು ಬರೆದ ಟಿಪ್ಪಣಿಯಲ್ಲಿ ಹಾಗೇ ಹೇಳಿದ್ದೇನೆ. ಎಷ್ಟೋ ತಂಡದ ವಿದ್ಯಾರ್ಥಿಗಳು ಅದನ್ನು ಓದಿದ್ದಾರೆ, ಯಾರೂ ಆಕ್ಷೇಪಿಸಿಲ್ಲ.

ಆ ಬೆಳಿಗ್ಗೆ ನನಗೂ ನೆನಪಿದೆ. ಬಹಳ ಚಳಿ. ವಾಪಸು ರೈಲು ತಡವಾಯಿತು. ಮೇಷ್ಟ್ರು ಕಡಲೆಕಾಯಿ ಕೊಡಿಸಿದರು. ಹೆಂಗಸಿನ ಕೈ ವಿಷಯ ನಿನಗಿರುವಷ್ಟು ಸ್ಪಷ್ಟವಾಗಿ ನನಗಿಲ್ಲ. ವಯಸ್ಸಾಯಿತಲ್ಲ.

ಈ ಕಡೆ ಬಂದರೆ ಮನೆಗೆ ಬಾ.

ನಿನ್ನ,
ಪುಟ್ಟಸ್ವಾಮಿ


ರಾಮನಗರ
ಡಿಸೆಂಬರ್ 10, 2017

ಪುಟ್ಟಸ್ವಾಮಿ,

ಕಡಲೆಕಾಯಿ ನೆನಪಿದೆ, ಕೈ ನೆನಪಿಲ್ಲ. ಇರಲಿ.

ಪದ್ಯ ದುರ್ಬಲ ಅಂದೆಯಲ್ಲ, ಅದರ ಅರ್ಥವನ್ನು ನನ್ನಂಥ ಅಂಚೆಯವನು ನಿನಗೆ ಹೇಳಿಕೊಡಬೇಕಾದದ್ದೇ ನನಗೆ ಅಸಹ್ಯ. ಮೇಷ್ಟ್ರು ಮೊದಲ ಚರಣದಲ್ಲಿ ನಮ್ಮಿಂದ ಮಂಜಿಗೆ ಕೈ ಮುಗಿಸುತ್ತಾರೆ. ನಾವು ಆಹಾ ಅನ್ನುತ್ತೇವೆ. ಎರಡನೆಯದರಲ್ಲಿ, ನೀನು ಕೈ ಮುಗಿದದ್ದು ಯಾರೋ ಬೇಯುತ್ತಿರುವ ಹಬೆಗೆ ಎನ್ನುತ್ತಾರೆ. ನಮ್ಮ ಆಹಾ ನಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಪಟ್ಟಣದ ಸಂಕಟವನ್ನು ಅವರು ಅಳುತ್ತ ಹೇಳಲಿಲ್ಲ, ಅದನ್ನು ಚೆಲುವು ಅಂದುಕೊಂಡ ನಮ್ಮನ್ನೇ ಹಿಡಿದುಕೊಟ್ಟರು. ಮೊದಲು ತಮ್ಮನ್ನು ಹಿಡಿದುಕೊಟ್ಟರು. ‘ನಾ ಮಣಿದೆ’ ಎಂದರಲ್ಲವೇ? ಎರಡನೆಯದನ್ನು ಕಿತ್ತರೆ ಮೊದಲನೆಯದು ಬರೀ ಸುಳ್ಳು. ಅರ್ಧ ಪದ್ಯ ಹಾಕಿದ್ದೀರಿ ಎಂದು ನಾನು ಬರೆದದ್ದು ತಪ್ಪು. ನೀವು ಹಾಕಿರುವುದು ಮೇಷ್ಟ್ರು ಬರೆಯದ ಪದ್ಯವನ್ನು. ‘ಯಾರುಟ್ಟು ನಡೆದಿಹರು’ ಎಂಬ ಸಾಲನ್ನು ಶಾಲು ಹೊದ್ದುಕೊಂಡೇ ಅಳಿಸಿದೆ ನೀನು.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ಅಂದು ಕೈ ಚಾಚಿದ ಹೆಂಗಸಿನ ಮಗಳು ಗುಲ್ಜಾರ್ ಬೀ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ಅಂದು ತಾಯಿಯ ಸೆರಗು ಹಿಡಿದು ನಿಂತಿದ್ದ ಪುಟ್ಟ ಹುಡುಗಿ. ಬದುಕೆಲ್ಲ ಅದೇ ಚರಕ, ಅದೇ ಬಿಸಿನೀರು. ಗಂಡ ತೀರಿದ ಮೇಲೆ ಒಬ್ಬರೇ. ನ್ಯಾಯಬೆಲೆ ಅಂಗಡಿಗೆ ಬೆರಳು ಒತ್ತುವ ಯಂತ್ರ ಬಂದಿದೆಯಲ್ಲ, ಅದು ಇವರ ಬೆರಳನ್ನು ಗುರುತಿಸುವುದಿಲ್ಲ. ಗೆರೆ ಇದ್ದರೆ ತಾನೆ ಗುರುತಿಸುವುದು? ಅಂಗಡಿಯ ಮುನಿಯಪ್ಪ ಒಂದಷ್ಟು ಸಲ ಒತ್ತಿಸಿ ಸುಮ್ಮನಾದ. ಈಗ ಆಹಾರ ಇಲಾಖೆಯ ಕಚೇರಿಯಿಂದ ನೋಟಿಸು ಬಂದಿದೆ. ಈಕೆ ಗುಲ್ಜಾರ್ ಬೀ ಅಲ್ಲ, ಬೇರೆ ಯಾರೋ ಆ ಹೆಸರಿನಲ್ಲಿ ಅಕ್ಕಿ ತಿನ್ನುತ್ತಿದ್ದಾರೆ, ಕಾರ್ಡು ನಕಲಿ ಎಂದು.

ನೋಟಿಸು ಓದಿ ಹೇಳಿದಾಗ ಅವರು ನಕ್ಕರು. “ಅಕ್ಕಿ ಹೋದ್ರೆ ಹೋಗ್ಲಿ ಬುಡಿ ಸಾರ್, ರಾಗಿ ಮುದ್ದೆ ತಿಂತೀನಿ. ನಾನು ನಾನಲ್ಲ ಅಂತ ಬರ್ದವ್ರಲ್ಲ, ಅದ್ಯಾಕೆ?” ಎಂದರು. ಆಮೇಲೆ ನಗಲಿಲ್ಲ. “ನಾನು ನಾನೇ ಅಂತ ಯಾರಾದ್ರೂ ದೊಡ್ಡೋರು ಬಂದು ಒಂದು ಮಾತು ಹೇಳ್ಬೇಕು” ಎಂದರು.

ಜನವರಿ ಎಂಟಕ್ಕೆ ವಿಚಾರಣೆ. ಈ ಕೆಲಸ ಕೈಯ ಗೆರೆ ತಿನ್ನುತ್ತದೆ, ಇವರ ತಾಯಿಯ ಕೈ ಕೂಡ ಹೀಗೇ ಇತ್ತು ಎಂದು ಕಂಡವರು ಹೇಳಬೇಕು. ಅವರು ದುಡಿದ ನೂಲು ತೆಗೆಯುವ ಬಟ್ಟಿಯ ಸಾಹುಕಾರ ರಸೂಲ್ ಇದರ ಬಗ್ಗೆ ಬಾಯಿ ಬಿಡುವುದಿಲ್ಲ, ಬಿಟ್ಟರೆ ನಾಳೆ ಎಲ್ಲ ಹೆಂಗಸರೂ ಕೈಗವಸು ಕೇಳುತ್ತಾರೆ. ನಾನು ಹೇಳುತ್ತೇನೆ, ಆದರೆ ನಾನು ಯಾರು? ನೀನು ಪ್ರೊಫೆಸರು. ಟಿಪ್ಪಣಿ ಬರೆದವನು. ನೀನು ಬಂದು, “ಕಂಡಿದ್ದೇನೆ” ಎಂದರೆ ಸಾಕು. ಮೇಷ್ಟ್ರಿಲ್ಲ. ಕಂಡವರಲ್ಲಿ ಉಳಿದಿರುವುದು ನಾವಿಬ್ಬರೇ.

ಬರುತ್ತೀಯಾ?

ಇಂತಿ,
ದೊಡ್ಡಹನುಮಯ್ಯ


ಕನಕಪುರ
ಜನವರಿ 5, 2018

ಪ್ರಿಯ ಹನುಮ,

ಉತ್ತರಿಸಲು ತಡವಾಯಿತು, ಕ್ಷಮಿಸು. ಎಂಟನೇ ತಾರೀಕು ಮಾಗಡಿಯಲ್ಲಿ ವಿಚಾರಸಂಕಿರಣ. ವಿಷಯವೂ ನಿನಗೆ ಇಷ್ಟವಾಗುವಂಥದ್ದೇ, ‘ನಂಜುಂಡಯ್ಯನವರ ಕಾವ್ಯದಲ್ಲಿ ಮಾನವೀಯತೆ’. ನನ್ನದೇ ಆಶಯ ಭಾಷಣ. ತಪ್ಪಿಸಲಾಗದು.

ಒಂದು ಮಾತು ಹೇಳಲೇ? ಕಾವ್ಯದ ಸತ್ಯವೇ ಬೇರೆ, ಕಚೇರಿಯ ಸತ್ಯವೇ ಬೇರೆ. ಪದ್ಯವನ್ನು ಸಾಕ್ಷಿಗೆ ಎಳೆಯುವುದು ಪದ್ಯಕ್ಕೇ ಅಗೌರವ. ನಾನು ಟಿಪ್ಪಣಿಯಲ್ಲಿ ಒಂದು ಬರೆದು ಕಚೇರಿಯಲ್ಲಿ ಇನ್ನೊಂದು ಹೇಳಿದರೆ ಓದಿದವರು ಏನೆಂದುಕೊಂಡಾರು? ಆಕೆಗೆ ಸಹಾಯ ಮಾಡುವ ಬೇರೆ ದಾರಿಗಳಿವೆ. ಯೋಚಿಸುತ್ತೇನೆ.

ನನ್ನ ಹೊಸ ವಿಮರ್ಶಾ ಸಂಕಲನ ಕಳಿಸುತ್ತಿದ್ದೇನೆ. ಓದಿ ಅಭಿಪ್ರಾಯ ತಿಳಿಸು.

ನಿನ್ನ,
ಪುಟ್ಟಸ್ವಾಮಿ


ರಾಮನಗರ
ಜನವರಿ 9, 2018

ಪುಟ್ಟಸ್ವಾಮಿ,

ಪುಸ್ತಕ ಬಂತು. ತೆರೆದಿಲ್ಲ.

ನಿನ್ನೆ ವಿಚಾರಣೆ ಆಯಿತು. ನೀನು ಮಾಗಡಿಯಲ್ಲಿ ಮಾನವೀಯತೆಯ ಮೇಲೆ ಮಾತಾಡುತ್ತಿದ್ದ ಹೊತ್ತಿಗೆ ಇಲ್ಲಿ ಏನಾಯಿತು ಎಂಬುದನ್ನು ನೀನು ತಿಳಿಯಬೇಕು.

ಅಧಿಕಾರಿ ಕೆಟ್ಟವನಲ್ಲ, ನಡುವಯಸ್ಸಿನವನು. ಗುಲ್ಜಾರ್ ಬೀಗೆ ಕುರ್ಚಿ ಹಾಕಿಸಿದ. “ನೋಡಮ್ಮ, ಮಿಷಿನ್ನು ಸುಳ್ಳು ಹೇಳಲ್ಲ. ಈ ಕಾರ್ಡ್‌ನೋರ ಬೆರಳೇ ಬೇರೆ, ನಿಮ್ದೇ ಬೇರೆ” ಅಂದ.

“ಬ್ಯಾರೆ ಬೆರಳು ಎಲ್ಲಿಂದ ತರ್ಲಿ ಸಾಮಿ? ಇರೋವು ಇವೇ” ಎಂದು ಎರಡೂ ಕೈ ಮೇಜಿನ ಮೇಲಿಟ್ಟರು.

ಅಂಗಡಿಯ ಮುನಿಯಪ್ಪನನ್ನೂ ಕರೆಸಿದ್ದರು. “ಸಾ, ಸೀಗೆಕಾಯಿ ಹಾಕಿ ತೊಳ್ಕಂಡ್ ಬಾ ಅಂದೆ, ತೊಳ್ಕಂಡ್ ಬಂತು. ಎಣ್ಣೆ ಹಚ್ಚಿ ಒತ್ತುಸ್ದೆ. ಒಸಿನೂ ತಗಳ್ಳಿಲ್ಲ. ಆದ್ರೆ ಆವಮ್ಮ ಆವಮ್ಮನೇ ಕಣ್ ಸಾ. ನಮ್ಮಪ್ಪನ ಕಾಲದಿಂದ ನೋಡ್ತಾ ಇವ್ನಿ” ಎಂದ.

“ನಿಂಗೆ ಗೊತ್ತಿದ್ರೆ ಆಗಲ್ಲಯ್ಯ, ಮಿಷಿನ್‌ಗೆ ಗೊತ್ತಾಗ್ಬೇಕು.”

“ಮಿಷಿನ್ನು ಬಂದು ಒಂದ್ ವರ್ಸ ಆಗಿಲ್ಲ ಸಾ, ಅದ್ಕೆ ಊರಲ್ಲಿ ಯಾರು ಗೊತ್ತು?” ಎಂದ ಮುನಿಯಪ್ಪ. ಜವಾನ ನಕ್ಕ. ಅಧಿಕಾರಿಯೂ ಸ್ವಲ್ಪ ನಕ್ಕ.

ಆಗ ನಾನು ಎದ್ದೆ. ಕಂಡದ್ದನ್ನು ಹೇಳಿದೆ. ಹೇಳಿ, ಮೇಷ್ಟ್ರ ಎರಡನೆಯ ಚರಣವನ್ನು ಓದಿದೆ. ಅಧಿಕಾರಿಯ ಮುಖ ಅರಳಿತು. ನನಗೆ ಎಂಥ ಆಸೆ ಹುಟ್ಟಿತು ಎಂದು ಹೇಗೆ ಹೇಳಲಿ.

“ಸಾರ್, ಇದು ನಂಜುಂಡಯ್ಯನೋರ ‘ನಸುಕಿನೂರು’ ಅಲ್ವಾ? ಬಿ.ಎ.ಲಿ ನಮ್ಗೆ ಟೆಕ್ಸ್ಟು” ಅಂದ. ಆಮೇಲೆ ಪಾಠ ಒಪ್ಪಿಸುವ ಹುಡುಗನ ಹಾಗೆ ಕಣ್ಣು ಮೇಲೆ ಮಾಡಿ, “‘ಗೆರೆಯಳಿದ ಬೆರಳು’ ಎಂಬಲ್ಲಿನ ಅಲಂಕಾರ ಯಾವುದು? ಅತಿಶಯೋಕ್ತಿ. ಲೋಕದಲ್ಲಿ ಸಂಭವಿಸದ್ದನ್ನು ಕವಿ ಕಲ್ಪಿಸಿದ್ದಾನೆ. ಐದು ಮಾರ್ಕಿನ ಪ್ರಶ್ನೆ ಸಾರ್, ನಂಗೆ ಪೂರ್ತಿ ಬಂದಿತ್ತು. ಪುಟ್ಟಸ್ವಾಮಿ ಸಾರ್ ನೋಟ್ಸಲ್ಲೇ ಇದೆ” ಅಂದ.

ಗುಲ್ಜಾರ್ ಬೀ ನನ್ನ ತೋಳು ಮುಟ್ಟಿ ಕೇಳಿದರು, “ಏನಂದ್ರು ಸಾರ್ ಅವ್ರು?”

ಹೇಳಲೇಬೇಕಾಯಿತು. “ನಿಮ್ಮ ತಾಯಿ ಕೈ ಹಂಗಿರ್ಲಿಲ್ವಂತೆ. ಕವಿ ಕಟ್ಟಿ ಹೇಳವ್ರೆ ಅಂತ ಪುಸ್ತಕದಲ್ಲಿ ಐತಂತೆ.”

ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. “ಹಂಗಾದ್ರೆ ನಮ್ಮಮ್ಮಿನೂ ನಕಲಿನಾ?” ಎಂದರು.

ಅಧಿಕಾರಿ ಕಾಗದ ತಿರುಗಿಸಿದ. ಡಾಕ್ಟರ ಸರ್ಟಿಫಿಕೇಟು ತನ್ನಿ ಅಂದ. ಮೊದಲೇ ಮಾಡಿಸಿ ತಂದಿದ್ದನ್ನು ಕೊಟ್ಟೆ. ಅದರಲ್ಲಿ ಚರ್ಮದ ಕಾಯಿಲೆ ಏನೂ ಇಲ್ಲ ಎಂದು ಬರೆದಿತ್ತು. ಕಾಯಿಲೆ ಇಲ್ಲ ಅಂದ ಮೇಲೆ ಗೆರೆ ಯಾಕೆ ಹೋಗುತ್ತದೆ ಎಂದು ಅಧಿಕಾರಿ ನನ್ನನ್ನೇ ಕೇಳಿದ. ಕೆಲಸ ಎಂದೆ. ಕೆಲಸ ಎಂಬ ಕಾಯಿಲೆಗೆ ಆ ಕಡತದಲ್ಲಿ ಜಾಗ ಇಲ್ಲವಂತೆ.

ಕೊನೆಗೆ, ವಿಚಾರಣೆಗೆ ಹಾಜರಾಗಿದ್ದಾಳೆ, ಗುರುತು ಸಾಬೀತಾಗಿಲ್ಲ, ಕಾರ್ಡು ರದ್ದು ಎಂದು ಬರೆದು, “ಇಲ್ಲಿ ಹೆಬ್ಬೆಟ್ಟು ಒತ್ತಮ್ಮ” ಎಂದು ಇಂಕಿನ ಡಬ್ಬಿ ಮುಂದೆ ನೂಕಿದರು. ಗುಲ್ಜಾರ್ ಬೀ ಒತ್ತಿದರು. ಒಂದು ಗೆರೆ ಇಲ್ಲ, ನೀಲಿ ಮಚ್ಚೆ. ಗೋಡೆಗೆ ಬಿದ್ದ ಶಾಯಿಯ ಹನಿಯ ಹಾಗೆ. ಗುಮಾಸ್ತ ಅದರ ಕೆಳಗೆ, ‘ಗುಲ್ಜಾರ್ ಬೀ ಅವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದು ಸಹಿ ಮಾಡಿದ. ಈಕೆ ಗುಲ್ಜಾರ್ ಬೀ ಅಲ್ಲ ಎಂದು ಹೇಳುವ ಕಾಗದಕ್ಕೆ ಗುಲ್ಜಾರ್ ಬೀ ಹೆಬ್ಬೆಟ್ಟೇ ಆಗುತ್ತದೆ. ಇದನ್ನು ಪದ್ಯದಲ್ಲಿ ಬರೆದಿದ್ದರೆ ನೀನು ಅತಿಶಯೋಕ್ತಿ ಎನ್ನುತ್ತಿದ್ದೆ.

ಮೇಲ್ಮನವಿಗೆ ಅವಕಾಶ ಇದೆ. ಅದಕ್ಕೂ ಸಾಕ್ಷಿ ಬೇಕು. ನಾನು ಕಾಯುತ್ತಿದ್ದೇನೆ.

ದೊಡ್ಡಹನುಮಯ್ಯ


ರಾಮನಗರ
ಫೆಬ್ರವರಿ 20, 2018

ಪ್ರೊ. ಪುಟ್ಟಸ್ವಾಮಿಯವರಿಗೆ,

ಇದು ಬಹಿರಂಗ ಪತ್ರ. ಒಂದು ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಇನ್ನೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕವಿಗೋಡೆಯ ಮೇಲೆ, ನಿಮ್ಮ ಬೆಟ್ಟದ ಚಿತ್ರದ ಪಕ್ಕದಲ್ಲಿ, ಇಂದು ಬೆಳಿಗ್ಗೆ ನಾನೇ ಅಂಟಿಸಿದ್ದೇನೆ. ಜಾಗ ಸಾಕಷ್ಟಿತ್ತು.

ನನ್ನ ಕಳೆದ ಕಾಗದಕ್ಕೆ ನೀವು ಉತ್ತರಿಸಲಿಲ್ಲ. ಬದಲಿಗೆ ಕಳೆದ ವಾರ ಒಂದು ಕಾರು ಬಂದು ಗುಲ್ಜಾರ್ ಬೀ ಮನೆ ಮುಂದೆ ಒಂದು ಮೂಟೆ ಅಕ್ಕಿ ಇಳಿಸಿ ಹೋಯಿತು. ಯಾರು ಕಳಿಸಿದ್ದು ಎಂದು ಡ್ರೈವರು ಹೇಳಲಿಲ್ಲ, ಕನಕಪುರದಿಂದ ಎಂದಷ್ಟೇ ಹೇಳಿದ. ನಾನು ವಾಪಸು ಕಳಿಸೋಣ ಎಂದೆ. ಗುಲ್ಜಾರ್ ಬೀ ನನ್ನನ್ನು ತಡೆದರು.

“ಯಾಕ್ ಸಾರ್ ವಾಪಸ್ಸು? ಅಕ್ಕಿ ಏನ್ ತಪ್ಪು ಮಾಡ್ತು? ಸಣ್ಣಕ್ಕಿ, ಚೆನ್ನಾಗೈತೆ. ನಾನೂ ತಿಂತೀನಿ, ಬೀದಿಯೋರಿಗೂ ಕೊಡ್ತೀನಿ” ಎಂದರು. ಮೂಟೆ ಬಿಚ್ಚುತ್ತ ಕೇಳಿದರು, “ಅದ್ಸರಿ, ಅಕ್ಕಿ ಕಳ್ಸಿದೋರು ನಾನು ನಾನೇ ಅಂದ್ರಾ?”

ಇಲ್ಲ ಎಂದೆ.

“ಮತ್ಯಾಕೆ ಕಳ್ಸಿದ್ರು? ನಮ್ಮಮ್ಮಿ ಕೈ ನೋಡಿದ್ರಲ್ಲ ನಿಮ್ಮ ಮೇಷ್ಟ್ರು, ಅವ್ರೂ ಏನೂ ಕೊಡ್ಲಿಲ್ಲ. ಟೀ ಕುಡುದ್ರು, ಹೋದ್ರು. ಆದ್ರೆ ಹಿಂಗೈತೆ ಅಂದ್ರು. ಐತೆ ಅನ್ನೋಕೇನು ಕಷ್ಟ?”

ಗುಲ್ಜಾರ್ ಬೀ ನನ್ನ ಮೇಲೂ ಸಿಟ್ಟಾಗಿದ್ದಾರೆ ಎಂದು ತಿಳಿಸಬೇಕು. “ನೀವಿಬ್ರೂ ಓದ್ದೋರು ಪದ್ಯದ ಮ್ಯಾಲೆ ಕಿತ್ತಾಡ್ಕೊಳಿ, ನನ್ ಕೈ ಮ್ಯಾಲಲ್ಲ” ಎಂದರು. ಸರಿ ಅನ್ನಿಸಿತು. ಆದ್ದರಿಂದ ಗೋಡೆಯ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಎರಡನೆಯ ಚರಣ ಹಾಕಿದರೆ ಹಾಕಿ, ಬಿಟ್ಟರೆ ಬಿಡಿ. ಗೋಡೆಗೆ ಅಂಟಿಸಿದ ಪ್ರತಿಯ ಕೆಳಗೆ ಅದನ್ನು ನಾನು ಬರೆದಿದ್ದೇನೆ. ಮಳೆ ಬರುವ ತನಕ ಓದುವವರು ಓದುತ್ತಾರೆ.

ಉಳಿದಿರುವುದು ನಿಮಗೂ ನನಗೂ ಮಾತ್ರ ಗೊತ್ತಿರುವ ಒಂದು ಸಂಗತಿ. ಇದುವರೆಗಿನ ಕಾಗದಗಳಲ್ಲಿ ನಾನದನ್ನು ಬರೆಯಲಿಲ್ಲ, ನೀವೇ ಬರೆಯುತ್ತೀರಿ ಎಂದು ಕಾದಿದ್ದೆ. 1963ರ ಆ ಬೆಳಿಗ್ಗೆ ಬಟ್ಟಿಯ ಗೋಡೆ ಹಿಡಿದು ನೀವು ವಾಂತಿ ಮಾಡಿದಾಗ ಒಳಗಿಂದ ಬಂದವಳು ಅದೇ ಹೆಂಗಸು, ಗುಲ್ಜಾರ್ ಬೀ ತಾಯಿ. ತಣ್ಣೀರಿಗೆ ಕೈ ಅದ್ದಿ ನಿಮ್ಮ ಬಾಯಿ ಒರೆಸಿದಳು, ಹಣೆ ಒರೆಸಿದಳು. ಮೇಷ್ಟ್ರು ಅಂಗೈ ನೋಡಿದ್ದು ಆಮೇಲೆ. ವಾಪಸು ರೈಲಿನಲ್ಲಿ, ಕಡಲೆಕಾಯಿ ತಿನ್ನುತ್ತ, ನೀವು ನನಗೂ ಮೇಷ್ಟ್ರಿಗೂ ಹೇಳಿದ್ದು ಹೀಗೆ: “ಆವಮ್ಮನ ಕೈ ಸೋಪ್ನಂಗೆ ನುಣ್ಣಗಿತ್ತು ಕಣ್ಲಾ ಹನುಮ. ಮುಖದ ಮ್ಯಾಲೆ ಕೈ ಐತೆ ಅಂತಲೇ ಗೊತ್ತಾಗ್ಲಿಲ್ಲ.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಪದ್ಯದಲ್ಲಿ ‘ನುಣ್ಣಗಿದೆ’ ಎಂಬ ಮಾತು ಮೇಷ್ಟ್ರದಲ್ಲ, ನಿಮ್ಮದು. ಆ ಪದ್ಯದ ‘ಗೆಳೆಯ’ ಯಾರೆಂದು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಲೋಕದಲ್ಲಿ ಸಂಭವಿಸದ್ದು ಎಂದು ನೀವು ಟಿಪ್ಪಣಿ ಬರೆದದ್ದು ನಿಮ್ಮ ಮುಖದ ಮೇಲೆ ಸಂಭವಿಸಿದ್ದರ ಬಗ್ಗೆ. ಆ ಟಿಪ್ಪಣಿ ಓದಿ ಐದು ಅಂಕ ಪಡೆದವನು ಆ ಕೈಯ ಮಗಳನ್ನು ನಕಲಿ ಎಂದು ಬರೆದ.

ಮಾರ್ಚ್ ನಾಲ್ಕರ ಭಾನುವಾರ, ಸಂತೆಗೆ ಬಂದವರೆಲ್ಲ ಬಸ್ಸಿಗೆ ಕಾಯುವ ಸಂಜೆ, ಗುಲ್ಜಾರ್ ಬೀ ಮತ್ತು ನಾನು ಕವಿಗೋಡೆಯ ಮುಂದೆ ಇರುತ್ತೇವೆ. ಮೇಲ್ಮನವಿಯ ಕಾಗದವೂ ಇರುತ್ತದೆ. ಅಕ್ಕಿ ಬೇಡ, ಭಾಷಣ ಬೇಡ, ಶಾಲು ಬೇಡ. ಕಾಗದದಲ್ಲಿ ಗುಟ್ಟಾಗಿ ಉತ್ತರಿಸಬೇಡಿ, ನಾನು ಒಡೆಯುವುದಿಲ್ಲ. ಬಂದು, ಊರಿನವರ ಎದುರಿಗೆ, ಆ ತಾಯಿಯ ಮಗಳ ಎದುರಿಗೆ, ಗಟ್ಟಿಯಾಗಿ ಹೇಳಿ: ನಿಮ್ಮ ಮುಖ ಒರೆಸಿದ ಆ ಕೈಯಲ್ಲಿ ಗೆರೆ ಇತ್ತೇ, ಇರಲಿಲ್ಲವೇ?

ಇಂತಿ,
ದೊಡ್ಡಹನುಮಯ್ಯ
ರಾಮನಗರದ ನಾಗರಿಕ